ಬ್ರಿಟಾಗೆ ಕಾರು ಬೇಕಂತೆ

ಮೊಮ್ಮಗಳು ಬ್ರಿಟಾ ಕಾಲೇಜಿಗೆ ಕಾರು ತೆಗೆದುಕೊಂಡು ಹೋಗಬೇಕೋ ಬೇಡವೋ ಎಂಬ ಮಾತು ನನ್ನ ಅಡುಗೆಮನೆಯ ಮೇಜಿನ ಸುತ್ತ ಜೂನ್ ತಿಂಗಳಲ್ಲಿ ಶುರುವಾಯಿತು. ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ಬೆಳೆದು ತೆನೆ ಕಟ್ಟಿದರೂ ಮುಗಿಯಲಿಲ್ಲ. ಪ್ರತಿ ಭಾನುವಾರ ಚರ್ಚು ಮುಗಿಸಿಕೊಂಡು ಮಗ ಕರ್ಟಿಸ್, ಸೊಸೆ ರೆನೇ ಬರುವರು. ರೆನೇ ಕೈಯಲ್ಲಿ ಟವೆಲ್ ಸುತ್ತಿದ ಬಿಸಿ ಪಾತ್ರೆ, ಅದರೊಳಗೆ ಆಲೂಗಡ್ಡೆ, ಮಾಂಸ, ಮೇಲೆ ಚೀಸು. ಊಟ ಅರ್ಧವಾಗುವ ಹೊತ್ತಿಗೆ ಮೊಮ್ಮಗಳ ಕಾರಿನ ಕಥೆ.

‘ಮೊದಲ್ನೇ ವರ್ಷದ ಹುಡುಗೀರ ಹತ್ರ ಒಂದು ಕಾರಿದ್ರೆ ಒಳ್ಳೇದು ಅಂತಾರಪ್ಪ,’ ಎನ್ನುವಳು ರೆನೇ, ಉಪ್ಪಿನ ಡಬ್ಬಿಗೆ ಹೇಳುವವಳಂತೆ.

‘ಅಂತಾರೆ,’ ಎನ್ನುವನು ಕರ್ಟಿಸ್.

‘ಹೊಸದು ಕೊಡ್ಸೋಣ ಅಂದ್ರೆ ಇನ್ನೂ ಎಳೇ ಕೈ. ಹಳೇದೇ ವಾಸಿ.’

‘ಹಳೇದು, ಆದ್ರೆ ಚೆನ್ನಾಗಿ ನೋಡ್ಕೊಂಡಿರೋದು,’ ಎನ್ನುತ್ತ ಮಗರಾಯ ಕಿಟಕಿಯಿಂದ ನನ್ನ ಗ್ಯಾರೇಜಿನ ಕಡೆ ನೋಡಿದ. ನಾನು ಅವನನ್ನೇ ನೋಡುತ್ತಿದ್ದೇನೆಂದು ಗೊತ್ತಾದದ್ದೇ ತಡ, ‘ಮೋಡ ಕಟ್ಟೋ ಹಾಗಿದೆ ಅಲ್ವಾ ಅಮ್ಮ?’ ಎಂದ.

ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ.

ಮಿನೆಸೋಟದ ನಮ್ಮ ಕಡೆಯ ಜನವೇ ಹೀಗೆ. ಮನೆಗೆ ಬೆಂಕಿ ಬಿದ್ದರೂ ‘ಸ್ವಲ್ಪ ಬೆಚ್ಚಗಾಯ್ತೇನೋ’ ಎನ್ನುವವರು. ಬಡಿಸಿದ್ದು ಬಾಯಿಗಿಡಲಾಗದಿದ್ದರೆ ‘ಬೇರೆ ಥರ ಇದೆ’ ಎನ್ನುತ್ತಾರೆ. ‘ಆಗಬಹುದು, ನೋಡೋಣ’ ಎಂದರೆ ಈ ಜನ್ಮದಲ್ಲಿ ಆಗುವುದಿಲ್ಲ ಎಂದರ್ಥ. ಎಲ್ಲವೂ ಅಡ್ಡಗೋಡೆಯ ಮೇಲೆ ದೀಪ. ಇಲ್ಲೇ ಹುಟ್ಟಿ ಇಲ್ಲೇ ಮುದುಕಿಯಾದೆ; ನನಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ‘ಆರ್ಡಿಸ್ ಸ್ವಲ್ಪ ನೇರ’ ಎಂದು ಊರಿನವರು ನನ್ನ ಬಗ್ಗೆ ಹೇಳುತ್ತಾರಂತೆ. ಅದು ಹೊಗಳಿಕೆಯಲ್ಲ.

ಕಾರು ಕೊಡುವುದಕ್ಕೆ ನನಗೇನು ಹೊಟ್ಟೆಕಿಚ್ಚೇ? ಬ್ರಿಟಾ ನನ್ನ ಒಬ್ಬಳೇ ಮೊಮ್ಮಗಳು. ಆದರೆ ನನ್ನ ಬೂದು ಬಣ್ಣದ ಬ್ಯೂಯಿಕ್ ಕಾರು ಹೋದರೆ ನನ್ನ ಕಾಲೇ ಹೋದ ಹಾಗೆ. ಈ ಊರಿಗೆ ಬಸ್ಸಿಲ್ಲ. ಅಂಗಡಿ ಪಕ್ಕದ ಊರಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ಗುರುವಾರ. ಪ್ರತಿ ಗುರುವಾರ ಮಧ್ಯಾಹ್ನ ವೃದ್ಧಾಶ್ರಮಕ್ಕೆ ಹೋಗಿ ವರ್ನಾಳನ್ನು ಕಾರಿಗೆ ಹತ್ತಿಸಿಕೊಂಡು ಹೆದ್ದಾರಿಯ ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ. ಇಬ್ಬರೂ ಒಂದೊಂದು ತುಂಡು ಹಣ್ಣಿನ ಪೈ ತಿಂದು ಊರವರನ್ನೆಲ್ಲ ಆಡಿಕೊಂಡು ಬರುತ್ತೇವೆ. ಒಂದನೇ ಕ್ಲಾಸಿನಿಂದ ನನ್ನ ಗೆಳತಿ ಅವಳು. ಬುಧವಾರ ರಾತ್ರಿಯೇ ಲಿಪ್‌ಸ್ಟಿಕ್ ಹಚ್ಚಿಕೊಂಡು ಮಲಗುತ್ತಾಳೆಂದು ಅಲ್ಲಿಯ ನರ್ಸುಗಳು ನಗುತ್ತಾರೆ. ನಾನು ಹೋಗದಿದ್ದರೆ ಅವಳನ್ನು ಹೊರಗೆ ಕರೆದೊಯ್ಯುವವರು ಇನ್ಯಾರೂ ಇಲ್ಲ.

ಹೌದು, ಏಪ್ರಿಲ್‌ನಲ್ಲಿ ಎದುರುಮನೆಯ ಹಾಲ್ವರ್‌ನ ರಸ್ತೆಬದಿಯ ಅಂಚೆಪೆಟ್ಟಿಗೆಗೆ ನನ್ನ ಕಾರು ತಗುಲಿ ಅದು ಚರಂಡಿಗೆ ಬಿದ್ದದ್ದು ನಿಜ. ಹಾಲ್ವರ್ ಏನಂದ? ‘ಗಾಳಿ ಜೋರಿತ್ತು’ ಎಂದ. ಮಾರನೆಯ ದಿನ ತಾನೇ ಹೊಸ ಕಂಬ ನೆಟ್ಟು, ರಸ್ತೆಯಿಂದ ಎರಡು ಮಾರು ಹಿಂದಕ್ಕೆ ಪೆಟ್ಟಿಗೆ ಕೂರಿಸಿ, ನನಗೆ ಕೈ ಬೀಸಿದ. ಬೈದಿದ್ದರೆ ಪೆಟ್ಟಿಗೆ ರಸ್ತೆಗೆ ತೀರಾ ಹತ್ತಿರವಿತ್ತು ಎಂದು ವಾದಿಸುತ್ತಿದ್ದೆ. ಗಾಳಿಯ ಹೆಸರು ಹೇಳುವವನ ಹತ್ತಿರ ಏನು ವಾದ ಮಾಡುವುದು?

ಆಗಸ್ಟಿನಲ್ಲಿ ಒಂದು ಸಂಜೆ ಬ್ರಿಟಾ ಸೈಕಲ್ ತುಳಿದುಕೊಂಡು ಒಬ್ಬಳೇ ಬಂದಳು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಬೀನ್ಸ್ ಬಿಡಿಸುತ್ತಿದ್ದೆವು. ನಾನು ಸುತ್ತಿ ಬಳಸಲಿಲ್ಲ.

‘ನಿಂಗೆ ನಿಜವಾಗ್ಲೂ ಕಾರು ಬೇಕೇನೇ?’

ಅವಳು ಒಂದು ಬೀನ್ಸನ್ನು ಪುಡಿಪುಡಿ ಮಾಡಿದಳು. ‘ಮೊದಲ್ನೇ ವರ್ಷದೋರು ಕಾರು ತರೋ ಹಾಗೇ ಇಲ್ಲ ಅಜ್ಜಿ. ಕಾಲೇಜಲ್ಲಿ ನಿಲ್ಲಿಸೋಕೆ ಬಿಡಲ್ಲ. ನೋಡೋಕೆ ಹೋದಾಗ್ಲೇ ಹೇಳಿದ್ರು.’

‘ನಿಮ್ಮಮ್ಮಂಗೆ ಗೊತ್ತಾ?’

‘ಪಕ್ಕದಲ್ಲೇ ಕೂತಿದ್ಲು.’

‘ಮತ್ತೆ ನನ್ನ ಕಾರು ಎಲ್ಲಿರುತ್ತಂತೆ?’

‘ನಮ್ಮ ಶೆಡ್ಡಲ್ಲಿ. ಅಪ್ಪ ಟ್ರ್ಯಾಕ್ಟರ್ ಪಕ್ಕ ಜಾಗ ಖಾಲಿ ಮಾಡಿದಾನೆ.’

‘ನೀನ್ಯಾಕೆ ಬಾಯಿ ಬಿಡ್ಲಿಲ್ಲ?’

‘ಅವ್ರಿಗೆ ಗೊತ್ತಲ್ಲ ಅಜ್ಜಿ. ಗೊತ್ತಿರೋರಿಗೆ ಹೇಗೆ ಹೇಳೋದು?’

ಮೈಯೆಲ್ಲ ಉರಿದುಹೋಯಿತು. ಮೂರು ತಿಂಗಳು ನನ್ನ ಮೇಜಿಗೆ ಬಂದು, ನನ್ನ ಕಾಫಿ ಕುಡಿದು, ಬೆಣ್ಣೆಯೊಳಗಿಂದ ಕೂದಲು ತೆಗೆಯುವ ಹಾಗೆ ನನ್ನ ಕೈಯಿಂದ ಕೀಲಿ ತೆಗೆಯಲು ನೋಡಿದ್ದರು. ‘ಅಮ್ಮ, ನೀನಿನ್ನು ಓಡಿಸಬೇಡ’ ಎಂದು ಮೂರು ಪದ ಹೇಳಲು ಧೈರ್ಯವಿಲ್ಲ. ಅದಕ್ಕೆ ಮಗಳಿಗೆ ಕಾಲೇಜು, ಕಾಲೇಜಿಗೆ ಕಾರು. ನಾನು ಹೆತ್ತ ಮಗ, ನನ್ನನ್ನೇ ದಡ್ಡಿಯೆಂದು ತಿಳಿದಿದ್ದಾನಲ್ಲ!

ಆ ಭಾನುವಾರ ನಾನೇ ಮಾತು ತೆಗೆದೆ. ‘ನೀವು ಹೇಳೋದು ಸರಿ. ಹುಡುಗಿ ಹತ್ರ ಕಾರಿರ್ಬೇಕು. ಶನಿವಾರ ನಾನೇ ಅವಳನ್ನ ಕೂರಿಸ್ಕೊಂಡು ಓಡಿಸ್ಕೊಂಡು ಹೋಗಿ ಕಾಲೇಜಲ್ಲಿ ಬಿಡ್ತೀನಿ. ನೀವು ಪೆಟ್ಟಿಗೆ-ಗಿಟ್ಟಿಗೆ ಹಾಕ್ಕೊಂಡು ಪಿಕಪ್‌ನಲ್ಲಿ ಹಿಂದೆ ಬನ್ನಿ.’

ರೆನೇ ಕೈಯ ಚಮಚ ನಿಂತಿತು. ‘ಅಷ್ಟು ದೂರ ಅತ್ತೆ… ಅದೂ ಒಂಥರಾ ಆಗಬಹುದು.’

‘ಆಗಬಹುದಾ? ಹಾಗಾದ್ರೆ ಆಯ್ತು.’

ಅವರ ಮುಖ ನೋಡಬೇಕಿತ್ತು. ಬೇಡವೆನ್ನಬೇಕಾದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಬೇಕಾದರೆ ಬಾಯಿ ಬಿಡಬೇಕು. ಕರ್ಟಿಸ್ ಕಿಟಕಿಯ ಕಡೆ ತಿರುಗಿದ. ‘ಶನಿವಾರ ಮಳೆ ಅಂತಿದ್ರು,’ ಎಂದ. ‘ವೈಪರ್ ಚೆನ್ನಾಗಿದೆ,’ ಎಂದೆ ನಾನು.

ಶನಿವಾರ ಬಿಸಿಲು ಕಣ್ಣು ಕುಕ್ಕುವ ಹಾಗಿತ್ತು. ದಿಂಬು ತಬ್ಬಿಕೊಂಡು ಬ್ರಿಟಾ ಪಕ್ಕದಲ್ಲಿ ಕೂತಳು. ಹಿಂದೆ ಕನ್ನಡಿಯಲ್ಲಿ ಮಗನ ಪಿಕಪ್ ಅಂಟಿಕೊಂಡೇ ಬರುತ್ತಿತ್ತು. ನನಗೆ ಯುದ್ಧ ಗೆದ್ದಷ್ಟು ಖುಷಿ. ಎರಡೂ ಕಡೆ ಗೋಡೆಯಂತೆ ಮೆಕ್ಕೆಜೋಳದ ಹೊಲ. ಹಾಡಿಕೊಂಡೇ ಓಡಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಬ್ರಿಟಾಳ ಕಾಲು ಕಣ್ಣಿಗೆ ಬಿತ್ತು. ಅವಳ ಕಡೆ ಬ್ರೇಕಿಲ್ಲ. ಆದರೂ ಪ್ರತಿ ತಿರುವಿನಲ್ಲಿ, ಮುಂದೆ ಕಾರು ಕಂಡಾಗಲೆಲ್ಲ, ಅವಳ ಬಲಗಾಲು ನೆಲದ ಚಾಪೆಯನ್ನು ಒತ್ತುತ್ತಿತ್ತು. ಕರ್ಟಿಸ್‌ಗೆ ಕಾರು ಕಲಿಸುವಾಗ ನಾನು ಹೀಗೇ ಒತ್ತುತ್ತಿದ್ದೆ. ಆ ಬೇಸಿಗೆ ಪೂರ್ತಿ ನನ್ನ ಮೀನಖಂಡ ನೋಯುತ್ತಿತ್ತು.

‘ಬ್ರಿಟಾ, ನಾನು ಓಡಿಸಿದ್ರೆ ನಿಂಗೆ ಹೆದರಿಕೆ ಆಗುತ್ತಾ?’

‘ಇಲ್ಲಪ್ಪ! ನೀನು ಚೆನ್ನಾಗೇ ಓಡಿಸ್ತೀಯ ಅಜ್ಜಿ,’ ಎಂದಳು, ನಗುನಗುತ್ತ. ಕಾಲು ಚಾಪೆಯ ಮೇಲಿಂದ ಏಳಲಿಲ್ಲ.

ಇವಳೂ ನಮ್ಮೂರಿನವಳೇ ಎಂದು ರೇಗಿತು. ಏನೋ ಗದರಲು ಅವಳ ಕಡೆ ತಿರುಗಿದೆ. ಅಷ್ಟರಲ್ಲಿ ‘ಅಜ್ಜೀ!’ ಎಂದು ಕಿರುಚಿ ಅವಳು ಎರಡೂ ಕಾಲಿಂದ ನೆಲ ಒದ್ದಳು. ಎಡಗಡೆಯ ಅಡ್ಡರಸ್ತೆಯಿಂದ ದವಸದ ಲಾರಿಯೊಂದು ಹಾರ್ನ್ ಒತ್ತಿಕೊಂಡು ಬಂದು ನಮ್ಮ ಬಾನೆಟ್ಟಿನ ಮುಂದೆಯೇ ಹಾದುಹೋಯಿತು. ಕಾರು ಅಲುಗಿತು. ನಾನು ಯಾವಾಗ ಬ್ರೇಕ್ ತುಳಿದೆನೋ ನನಗೇ ಗೊತ್ತಿಲ್ಲ. ಹಿಂದೆ ತಿರುಗಿ ನೋಡಿದರೆ, ನಿಂತು ನೋಡಿ ದಾಟಬೇಕೆನ್ನುವ ಸ್ಟಾಪ್ ಬೋರ್ಡು ನಮ್ಮ ಬೆನ್ನ ಹಿಂದಿತ್ತು. ಬರುವಾಗ ಎದುರಿಗೇ ಇದ್ದದ್ದು, ಕೆಂಪಗೆ, ಇಷ್ಟಗಲ. ನನಗೆ ಅದು ಕಂಡೇ ಇರಲಿಲ್ಲ.

ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದೆ. ಬ್ರಿಟಾ ದಿಂಬಿನಲ್ಲಿ ಮುಖ ಹುದುಗಿಸಿದ್ದಳು. ಕರ್ಟಿಸ್ ಓಡಿ ಬಂದ. ಮೊದಲು ಮಗಳ ಬಾಗಿಲು ತೆಗೆದು ಅವಳ ತಲೆ ಮುಟ್ಟಿದ. ಆಮೇಲೆ ನನ್ನ ಕಿಟಕಿಗೆ ಬಂದು ನಿಂತ. ಮುಖ ಸುಣ್ಣದಂತಾಗಿತ್ತು. ತುಟಿ ಅಲುಗಿತು, ಕಣ್ಣು ಮೆಲ್ಲಗೆ ಮೇಲಕ್ಕೆ ಹೋಯಿತು.

‘ಆಕಾಶ ನೋಡ್ಬೇಡ ಕರ್ಟಿಸ್,’ ಎಂದೆ. ‘ನನ್ನ ಮುಖ ನೋಡು. ಜೂನ್‌ನಿಂದ ಹೊಟ್ಟೇಲಿಟ್ಕೊಂಡಿದೀಯಲ್ಲ, ಅದನ್ನ ಹೇಳು.’

ಅವನು ನೋಡಿದ.

‘ನೀನಿನ್ನು ಓಡಿಸ್ಬೇಡ ಅಮ್ಮ. ನಂಗೆ ಭಯ. ಪ್ರತಿ ಗುರುವಾರ ನೀನು ಮನೆ ಸೇರೋವರೆಗೂ ಕೆಲಸದಲ್ಲಿ ಮನಸ್ಸಿರಲ್ಲ. ಇವತ್ತು ನನ್ನ ಮಗಳು ಒಳಗಿದ್ಲು.’

ಬೇಸಿಗೆಯುದ್ದಕ್ಕೂ ಇದನ್ನೇ ಕೇಳಬೇಕೆಂದು ಹಟ ಹಿಡಿದಿದ್ದವಳು ನಾನು. ಕೇಳಿದ ಮೇಲೆ ಗೊತ್ತಾಯಿತು, ನಮ್ಮ ಜನ ಯಾಕೆ ಗಾಳಿ, ಮಳೆ ಎನ್ನುತ್ತಾರೆಂದು. ಕೆನ್ನೆಗೆ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೌದು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎನ್ನಲು ಆ ಕೆಂಪು ಬೋರ್ಡು ಬಿಡಲಿಲ್ಲ. ಮುಂದಿನ ಗಾಜಿನಿಂದ ಹೊರಗೆ ನೋಡಿದೆ. ನೀಲಿ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು.

‘ಮೋಡ ಕಟ್ಟೋ ಹಾಗಿದೆ ಅಲ್ವಾ,’ ಎಂದೆ.

ಕರ್ಟಿಸ್ ನಗಲಿಲ್ಲ. ಅವನೂ ತಲೆಯೆತ್ತಿ ನೋಡಿದ. ‘ಹೂಂ ಅಮ್ಮ,’ ಎಂದ. ‘ಕಟ್ಟೋ ಹಾಗಿದೆ.’

ಸ್ವಲ್ಪ ಹೊತ್ತು ತಾಯಿ ಮಗ ಇಬ್ಬರೂ ಇಲ್ಲದ ಮೋಡ ನೋಡುತ್ತಿದ್ದೆವು. ಆಮೇಲೆ ಅವನು ಕಿಟಕಿಯ ಅಂಚಿನ ಮೇಲೆ ಕೈಯಿಟ್ಟು, ‘ವರ್ನಾ ಆಂಟೀನ ಗುರುವಾರ ಎಷ್ಟು ಹೊತ್ತಿಗೆ ಕರ್ಕೊಂಡು ಬರ್ಬೇಕು?’ ಎಂದ.

ನಾನು ಎಂಜಿನ್ ಆರಿಸಿ ಕೀಲಿ ತೆಗೆದು ಅವನ ಕೈಗೆ ಹಾಕಿದೆ.

‘ಎರಡು ಗಂಟೆಗೆ,’ ಎಂದೆ. ‘ತಡ ಮಾಡ್ಬೇಡ. ಲಿಪ್‌ಸ್ಟಿಕ್ ಹಚ್ಕೊಂಡು ಕಾಯ್ತಿರ್ತಾಳೆ.’