ಲುಯೆಲ್ಲಾಳ ಹೊಲಕ್ಕೆ ಬಂದ ನಾಲ್ಕು ಯಂತ್ರಗಳು

"ಹುಷಾರು, ಮೆಟ್ಟಿಲು," ಎಂದು ಶವಪೆಟ್ಟಿಗೆಯ ಮುಂದಿನ ಹಿಡಿಯನ್ನು ಎತ್ತಿದ ಡೆಲ್ಮರ್, ಅದೇ ಉಸಿರಿನಲ್ಲಿ ಪಕ್ಕದ ಹಿಡಿ ಹಿಡಿದಿದ್ದ ವಿಲ್ಬರ್‌ಗೆ, "ನಾಳೆ ಮಳೆಯಂತೆ ಕಣೋ," ಎಂದ.

ಹಿಂದೆ ನಡೆಯುತ್ತಿದ್ದ ಜೊಲೀನ್‌ಗೆ ಕೇಳಿಸಿತು. ಪೆಟ್ಟಿಗೆಯಲ್ಲಿದ್ದವಳು ಅವಳ ಸೋದರತ್ತೆ ಲುಯೆಲ್ಲಾ. ಬದುಕಿದ್ದರೆ ತಲೆಯೆತ್ತಿ, "ಮಳೆ ಎಷ್ಟು ಗಂಟೆಗೆ?" ಎಂದು ಕೇಳುತ್ತಿದ್ದಳು. ಜೂನ್‌ನಲ್ಲಿ ಸತ್ತವರಿಗಾಗಿ ಅಳಲು ಕ್ಯಾನ್ಸಸ್‌ನಲ್ಲಿ ಯಾರಿಗೂ ಪುರಸೊತ್ತಿಲ್ಲ. ಗೋಧಿ ಕೊಯ್ಲಿನ ಕಾಲ.

ಹೊತ್ತವರಲ್ಲಿ ಮೂವರು ಕೌಂಟಿಯ ರೈತ ಸಮಿತಿಯವರು. ಡೆಲ್ಮರ್ ಅದರ ಅಧ್ಯಕ್ಷ, ವಿಲ್ಬರ್ ಒಬ್ಬ ಸದಸ್ಯ. ಸರ್ಕಾರದ ಬೆಳೆ ಸಹಾಯಧನಕ್ಕೆ ಯಾರು ನಿಜವಾದ ರೈತರು, ಯಾರು ಅಲ್ಲ ಎಂದು ತೀರ್ಮಾನಿಸುವವರು ಇವರೇ. ಸೋಮವಾರ ಜೊಲೀನ್‌ಳ ಅರ್ಜಿ ಅವರ ಮುಂದೆ ಬರಲಿತ್ತು. ಒಂಬತ್ತು ವರ್ಷ ಅತ್ತೆಯ ಜೊತೆ ಉತ್ತು ಬಿತ್ತಿದ್ದರೂ ಕಾಗದದಲ್ಲಿ ಅವಳು ಬರೀ ಕೈಯಾಳು. ಅರ್ಜಿ ಬಿದ್ದುಹೋದರೆ ಸಹಾಯಧನವಿಲ್ಲ, ಅದಿಲ್ಲದೆ ಮುಂದಿನ ಬಿತ್ತನೆಯಿಲ್ಲ, ಅತ್ತೆ ಬಿಟ್ಟುಹೋದ ಹೊಲ ಗೇಣಿಗೆ ಹೋಗುತ್ತದೆ. ಗೇಣಿಗೆ ಕೇಳಲು ಡೆಲ್ಮರ್, ಅತ್ತೆ ಹಾಸಿಗೆ ಹಿಡಿದಿದ್ದಾಗಲೇ ಒಮ್ಮೆ ಬಂದುಹೋಗಿದ್ದ.

*

ಗಂಡ ಸತ್ತ ವರ್ಷ ಲುಯೆಲ್ಲಾ ಇದೇ ಸಹಾಯಧನಕ್ಕಾಗಿ ಕಚೇರಿಗೆ ಹೋಗಿದ್ದಳು.

"ರೈತರನ್ನ ಕಳಿಸಮ್ಮ, ಅವರ ಸಹಿ ಬೇಕು," ಎಂದ ಗುಮಾಸ್ತ.

"ಅವರು ಸ್ಮಶಾನದಲ್ಲಿದ್ದಾರೆ. ಹೋಗಿ ಸಹಿ ಹಾಕಿಸ್ಕೊಂಡು ಬನ್ನಿ, ನಾನು ಕಾಯ್ತೀನಿ."

ಬೆಂಚಿನ ಮೇಲೆ ಕೂತು ಬುಟ್ಟಿಯ ಬಟಾಣಿ ಸುಲಿಯತೊಡಗಿದಳು. ಮೂರು ದಿನ ಹೀಗೇ ಬಂದು ಸುಲಿದಳು. ನಾಲ್ಕನೆಯ ದಿನ ಅರ್ಜಿ ಅವಳ ಹೆಸರಿನಲ್ಲೇ ಸಿದ್ಧವಾಗಿತ್ತು. "ಪುಣ್ಯಕ್ಕೆ ಕೊಟ್ರು, ನನ್ನ ಬಟಾಣಿ ಮುಗಿದುಹೋಗಿತ್ತು," ಎಂದು ಆಮೇಲೆ ಹೇಳಿ ಹೇಳಿ ನಗುತ್ತಿದ್ದಳು.

*

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ತುಂಬಿದ ತಟ್ಟೆ ಹಿಡಿದು ಡೆಲ್ಮರ್ ಜೊಲೀನ್‌ಳ ಬಳಿ ಬಂದ. ಕೊಯ್ಲಿನ ಕಾಲದಲ್ಲಿ ಸಾವಾದರೆ ಆ ಮನೆಯ ಬೆಳೆಯನ್ನು ಅಕ್ಕಪಕ್ಕದವರು ಸೇರಿ ಕೊಯ್ದುಕೊಡುವುದು ಇಲ್ಲಿಯ ರೂಢಿ.

"ಮಗಳೇ, ತಲೆ ಕೆಡಿಸ್ಕೋಬೇಡ. ಊಟ ಆಗ್ತಿದ್ದಂಗೆ ನಾಲ್ಕು ಕೊಯ್ಲಿನ ಯಂತ್ರ ತರ್ತೀವಿ. ಸಂಜೆಯೊಳಗೆ ನಿಮ್ಮತ್ತೆ ಗೋಧಿ ಕಣಜ ಸೇರುತ್ತೆ."

"ನಿಮ್ಮದು ಕೊಯ್ಲಾಯ್ತಾ, ಡೆಲ್ಮರ್ ಮಾವ?"

"ನಂದಿನ್ನೂ ಅರ್ಧ ನಿಂತಿದೆ. ಇರಲಿ ಬಿಡು, ಸತ್ತವರ ಮನೆ ಕೆಲಸ ಮೊದಲು." ಮಾತಿನಲ್ಲಿ ಕಪಟವಿರಲಿಲ್ಲ, ಜೊಲೀನ್‌ಗೆ ಅದಕ್ಕೇ ಸಿಟ್ಟು ಹೆಚ್ಚಾಯಿತು. "ಆ ಸೋಮವಾರದ ಅರ್ಜಿನೂ ವಾಪಸ್ ತಗೊಂಡ್ಬಿಡು. ಹೊಲಕ್ಕೆ ಬುತ್ತಿ ತರೋದೇ ಬೇರೆ, ಹೊಲ ನಡೆಸೋದೇ ಬೇರೆ."

ಬಾಯಲ್ಲಿ ಹೇಳಿದರೆ ನಂಬುವ ಜನವಲ್ಲ, ಕಣ್ಣಾರೆ ನೋಡಲಿ ಎಂದುಕೊಂಡಳು ಜೊಲೀನ್. "ಆಯ್ತು ಮಾವ, ಯಂತ್ರ ತನ್ನಿ," ಎಂದಳು.

ಧೂಳೆಬ್ಬಿಸುತ್ತ ಬಂದ ನಾಲ್ಕು ಯಂತ್ರಗಳು ಹಳ್ಳದ ಮರಗಳನ್ನು ದಾಟಿ ತಿರುಗಿದ್ದೇ ಗಕ್ಕನೆ ನಿಂತವು. ಇನ್ನೂರು ಎಕರೆಯೂ ಬರೀ ಕೂಳೆ. ಒಂದು ತೆನೆಯೂ ನಿಂತಿರಲಿಲ್ಲ. ತಮ್ಮ ತಮ್ಮ ಕೊಯ್ಲಿನಲ್ಲಿ ಮುಳುಗಿದ್ದ ಯಾರೂ ಇತ್ತ ತಲೆ ಹಾಕಿರಲಿಲ್ಲ.

"ಯಾರು ಕೊಯ್ದಿದ್ದು?" ಡೆಲ್ಮರ್ ಇಳಿದು ಬಂದು ಕೇಳಿದ.

"ನಾನೇ. ಅತ್ತೆ ಹೋದ ಮಾರನೇ ದಿನ, ಬುಧವಾರದಿಂದ, ನಿನ್ನೆ ತನಕ."

"ಲಾರಿ ತುಂಬಿ ಕಣಜಕ್ಕೆ ಸಾಗಿಸಿದ್ದು?"

"ಅದೂ ನಾನೇ. ಮೊದಲು ಗೋಧಿ ಕೊಯ್ಯಿ, ಆಮೇಲೆ ಅಳು ಅಂದಿದ್ರು ಅತ್ತೆ. ಕೊಯ್ದಾಯ್ತು."

ಅಷ್ಟು ಹೇಳುವಷ್ಟರಲ್ಲಿ ನಾಲ್ಕು ದಿನ ತಡೆದಿಟ್ಟ ಅಳು ಒಮ್ಮೆಗೇ ಬಂತು. ದುಃಖಕ್ಕಿಂತ ಹೆಮ್ಮೆಯೇ ಅದರಲ್ಲಿ ಹೆಚ್ಚಿತ್ತು.

ವಿಲ್ಬರ್ ಗಹಗಹಿಸಿದ. "ಏನಪ್ಪಾ ಅಧ್ಯಕ್ಷ, ನಿಂದಿನ್ನೂ ಅರ್ಧ ನಿಂತಿದೆ ಅಂದ್ಯಲ್ಲ? ಸೋಮವಾರ ನಿನ್ನ ಅರ್ಜಿನೂ ಒಂದ್ಸಲ ನೋಡ್ಬೇಕಾಗುತ್ತೆ!"

ಡೆಲ್ಮರ್ ಟೋಪಿ ತೆಗೆದು ಕೂಳೆಯನ್ನೇ ನೋಡುತ್ತ ನಿಂತ. "ಸುಮ್ನಿರೋ. ಇವಳ ಅರ್ಜಿಗೆ ಮೊದಲು ಕೈ ಎತ್ತೋನು ನಾನೇ."

ಜೊಲೀನ್ ಕಣ್ಣೊರೆಸಿಕೊಂಡಳು. "ನಿಮ್ಮ ಹೊಲದಲ್ಲಿ ಯಾವ ಕಡೆಯಿಂದ ಶುರು ಮಾಡೋಣ, ಮಾವ?"

"ನೀನೇ ಹೇಳಮ್ಮ."

ಕಪ್ಪು ಲಂಗವನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಅವಳು ಅತ್ತೆಯ ಹಳೇ ಕೆಂಪು ಯಂತ್ರ ಹತ್ತಿದಳು. ದಾರಿ ಇಕ್ಕಟ್ಟಾಗಿತ್ತು. ನಾಲ್ಕೂ ಯಂತ್ರಗಳು ಒಂದೊಂದಾಗಿ ಕೂಳೆಗೆ ಇಳಿದು ಅವಳಿಗೆ ಜಾಗ ಬಿಟ್ಟು, ಮತ್ತೆ ದಾರಿಗೆ ಹತ್ತಿ ಅವಳ ಹಿಂದೆ ಸಾಲುಗಟ್ಟಿದವು.