ಸಂಜೆ ಇಲ್ಲದ ಊರು

“ಸೂರ್ಯಾಸ್ತ ಬೇಡ ಅಂದೆನಲ್ಲಪ್ಪಾ,” ಎಂದಳು ತರುಲತಾ.

ಲೋವರ್ ಪರೇಲಿನ ಪ್ರವಾಸ ಕಂಪನಿಯಿಂದ ಬಂದಿದ್ದ ಯುವಕ ಟ್ಯಾಬ್ಲೆಟ್ಟಿನ ಮೇಲೆ ಬೆರಳು ಎಳೆಯುವುದನ್ನು ನಿಲ್ಲಿಸಿದ. ಪರದೆಯ ಮೇಲೆ ಗ್ರೀಸಿನ ಬಿಳಿ ಮನೆಗಳು, ಆಚೆ ಕಡಲಿಗೆ ಇಳಿಯುತ್ತಿರುವ ಕೆಂಪು ಸೂರ್ಯ. ಅದಕ್ಕೆ ಮುಂಚೆ ಮಾಲ್ಡೀವ್ಸಿನ ದೋಣಿಯ ಹಿಂದೆಯೂ ಅದೇ ಸೂರ್ಯ, ಆಫ್ರಿಕಾದ ಜಿರಾಫೆಯ ಕಾಲುಗಳ ನಡುವೆಯೂ ಅದೇ. ದುಡ್ಡಿದ್ದವರಿಗೆ ಪ್ರವಾಸ ಹೊಂದಿಸಿಕೊಡುವ ಈ ಜನಕ್ಕೆ ಮಾರಲು ಬೇರೇನೂ ಇಲ್ಲವೇ ಎಂದು ಅವಳಿಗೆ ರೇಗಿತು.

“ಆಂಟಿ, ಎಲ್ಲರೂ ಮೊದಲು ಕೇಳೋದೇ ಇದನ್ನ. ಇದನ್ನ ನೋಡ್ತಾ ಊಟ ಮಾಡೋ ಮೇಜು ಬೇರೆಯವರಿಗೆ ಸಿಗೋದೇ ಇಲ್ಲ. ನಾನು ಹೇಳಿದ್ರೆ ಕೊಡ್ತಾರೆ.”

“ನಾವು ಜೈನರು. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟಲ್ಲ. ಆ ಮೇಜಿನ ಮುಂದೆ ಕೂತು ಖಾಲಿ ತಟ್ಟೆ ನೋಡ್ಲಾ? ಸಂಜೇನೇ ಆಗದ ಊರು ಇದ್ರೆ ಹೇಳು.”

ಯುವಕ ತುಸು ಯೋಚಿಸಿ ಮುಂದಕ್ಕೆ ಬಗ್ಗಿದ. “ಅಂದ್ರೆ ರಾತ್ರಿಯಿಡೀ ಎದ್ದಿರೋ ಊರಾ? ಲಾಸ್ ವೇಗಸ್?”

ಅವನಿಗೆ ಚಹಾ ಕುಡಿಸಿ, ಖಾಖ್ರಾ ತಿನ್ನಿಸಿ ಕಳಿಸಿಬಿಟ್ಟಳು.

ಮುಂಬಯಿಯ ವಾಲ್ಕೇಶ್ವರದ ಅವರ ಕಟ್ಟಡದಲ್ಲಿ ಯಾರಿಗೆ ಪ್ರವಾಸ ಬೇಕಾದರೂ ಕೇತನ್‌ಭಾಯಿಗೆ ಒಂದು ಮಾತು ಹೇಳಿದರೆ ಸಾಕು. ಬಸ್ಸಿನ ತುಂಬ ನಮ್ಮವರೇ, ಬಸ್ಸಿನ ಹಿಂದೆ ಅಡುಗೆಯ ವ್ಯಾನು, ಆಲ್ಪ್ಸ್ ಪರ್ವತದ ಬುಡದಲ್ಲಿ ಬಿಸಿ ಬಿಸಿ ಕಢಿ ಕಿಚಡಿ. ಆದರೆ ಆ ಬಸ್ಸಿನಲ್ಲಿ ಗಂಡನನ್ನು ಕೂರಿಸುವುದೆಂದರೆ ಮೊದಲ ಸಂಜೆಯೇ ವಾಲ್ಕೇಶ್ವರಕ್ಕೆಲ್ಲ ಡಂಗುರ ಹೊಡೆದ ಹಾಗೆ. ಆದ್ದರಿಂದ ಅವಳು ಹೊರಗಿನವರನ್ನು ಹುಡುಕುತ್ತಿದ್ದಳು.

ಅವಳ ಗಂಡ ಸೇವಂತಿಲಾಲರು ಹಗಲೆಲ್ಲ ಸರಿಯಾಗಿಯೇ ಇರುತ್ತಿದ್ದರು. ಬೆಳಿಗ್ಗೆ ದೇರಾಸರಕ್ಕೆ ಹೋಗಿ ಪೂಜೆ ಮಾಡಿ ಬರುತ್ತಿದ್ದರು. ಪೇಪರಿನಲ್ಲಿ ವಜ್ರದ ಧಾರಣೆ ನೋಡಿ ಗೊಣಗುತ್ತಿದ್ದರು. “ತರು, ಕನ್ನಡಕ ಎಲ್ಲಿ?” ಎಂದು ಕೂಗುತ್ತಿದ್ದರು. ಬಿಸಿಲು ಕೆಂಪಾಗತೊಡಗಿದರೆ ಮಾತ್ರ ಎದ್ದು ಬೂಟು ಹುಡುಕುತ್ತಿದ್ದರು. ಆಮೇಲೆ ನಿದ್ದೆ ಬರುವವರೆಗೆ ಅವಳು ಅವರಿಗೆ ಯಾರೋ ಪರಕೀಯ ಹೆಂಗಸು. ಬೆನ್ ಎಂದು ಕರೆಯುತ್ತಿದ್ದರು. ಗುಜರಾತಿನವರಿಗೆ ಲೋಕದ ಹೆಂಗಸರೆಲ್ಲ ಬೆನ್, ಅಕ್ಕತಂಗಿಯರು. ಕಟ್ಟಿಕೊಂಡ ಹೆಂಡತಿಯೊಬ್ಬಳನ್ನು ಬಿಟ್ಟು.

ಮೊದಲ ಸಲ ಹಾಗೆ ಕರೆದಾಗ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

ಔಷಧಿಯಿಲ್ಲ, ಇದು ಹೀಗೇ ಹೆಚ್ಚುತ್ತಾ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಡಲಿನತ್ತ ತೆರೆದ ಕಿಟಕಿಗಳಿಗೆ ಅವಳು ದಪ್ಪ ಪರದೆ ಹಾಕಿಸಿದಳು. ಹೊತ್ತಿಗೆ ಮುಂಚೆಯೇ ಎಲ್ಲ ದೀಪ ಹಚ್ಚಿದಳು. ಆದರೂ ಅವರು ಎದ್ದೇ ಏಳುತ್ತಿದ್ದರು. ಗೂಡಿಗೆ ಮರಳುವ ಕಾಗೆಗಳ ಸದ್ದಿನಿಂದ ಗೊತ್ತಾಗುತ್ತಿರಬೇಕು ಎಂದು ಅವಳು ಕಾಗೆಗಳನ್ನು ಶಪಿಸಿದಳು. ಅಷ್ಟರಲ್ಲಿ ನಾರ್ವೆಯ ಉತ್ತರ ತುದಿಯಲ್ಲಿ ಜೂನ್ ತಿಂಗಳಿಡೀ ಸೂರ್ಯ ಮುಳುಗುವುದೇ ಇಲ್ಲ ಎಂಬುದನ್ನು ಎಲ್ಲೋ ಓದಿದಳು. ಸಂಜೆಯೇ ಇಲ್ಲದ ಮೇಲೆ ಸಂಜೆಯ ರೋಗ ಎಲ್ಲಿಂದ ಬಂದೀತು? ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಆದರೆ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಹಲ್ಲಿನ ಡಾಕ್ಟರು ಕೊಟ್ಟದ್ದು ಫ್ರೇನಿ ಎಂಬ ಪಾರ್ಸಿ ಹೆಂಗಸಿನ ನಂಬರು. “ಎಲ್ಲಿಗೆ ಹೋಗಬೇಕು ಅನ್ನೋದು ಆಮೇಲೆ,” ಎಂದಿದ್ದಳು ಅವಳು ಫೋನಿನಲ್ಲಿ, “ಯಾವುದರಿಂದ ಓಡಿಹೋಗಬೇಕು ಅದನ್ನ ಮೊದಲು ಹೇಳಿ.” ಬಿಸಿಲಿರುವಾಗಲೇ ಬನ್ನಿ ಎಂದಷ್ಟೇ ತರುಲತಾ ಹೇಳಿದಳು.

ಫ್ರೇನಿ ಬಂದದ್ದು ಬಿಸಿಲು ಇಳಿದ ಮೇಲೆ. ಅರವತ್ತು ದಾಟಿದ, ಹೂವಿನ ಫ್ರಾಕು ತೊಟ್ಟ ದಪ್ಪ ಹೆಂಗಸು. “ಯಾವನೋ ಮಂತ್ರಿ ಹೋಗ್ತಾನಂತೆ, ತೀನ್ ಬತ್ತಿ ಚೌಕದಲ್ಲಿ ನಮ್ಮನ್ನೆಲ್ಲ ಕಟ್ಟಿಹಾಕಿಬಿಟ್ರು. ಅವನ ಕಾರಿನ ಟೈರು ಒಡೆದುಹೋಗ್ಲಿ,” ಎನ್ನುತ್ತ ಸೋಫಾದಲ್ಲಿ ಕುಸಿದಳು.

ಸೇವಂತಿಲಾಲರು ನಕ್ಕರು. ಒಳಗೆ ಅಡುಗೆಯ ಮಹಾರಾಜ ತಟ್ಟೆ ಹಾಕಿದ್ದ. ಅವರದು ಆಗಲೇ ಊಟವಾಗಿತ್ತು. ತರುಲತಾ ಇನ್ನೂ ಉಂಡಿರಲಿಲ್ಲ. ಬಂದವಳನ್ನು ಬಿಟ್ಟು ಏಳುವುದು ಹೇಗೆ?

“ಶೇಠ್, ನೀವು ನೋಡಿದ್ದರಲ್ಲಿ ಯಾವ ಊರು ಇಷ್ಟ ಆಯ್ತು?” ಎಂದು ಫ್ರೇನಿ ಕೇಳಿದಳು.

“ಆಂಟ್ವರ್ಪ್. ವಜ್ರ ಕೊಳ್ಳೋಕೆ ಹೋಗ್ತಿದ್ದೆ. ಎಂಥಾ ಚಳಿ ಅಂತೀರಿ! ತರು ಡಬ್ಬಿ ತುಂಬಾ ಥೇಪ್ಲಾ ಮಾಡಿ ಕೊಡೋಳು. ಹೋಟೆಲಿನ ಹೀಟರ್ ಮೇಲಿಟ್ಟು ಬಿಸಿ ಮಾಡ್ಕೊಂಡು ತಿಂತಿದ್ದೆ. ಕೋಣೆ ತುಂಬಾ ಮೆಂತ್ಯದ ವಾಸನೆ. ಮ್ಯಾನೇಜರು ಬಂದು ಏನಾದ್ರೂ ಸುಟ್ಟುಹೋಯ್ತಾ ಅಂತ ಕೇಳಿದ್ದ!”

ಫ್ರೇನಿ ಬಿದ್ದು ಬಿದ್ದು ನಕ್ಕಳು. ತರುಲತಾ ನಗಲಿಲ್ಲ. ತನ್ನ ಹೆಸರು ಅವರ ಬಾಯಲ್ಲಿ ಆ ದಿನಕ್ಕೆ ಅದೇ ಕೊನೆ ಎಂದು ಅವಳಿಗೆ ತಿಳಿದಿತ್ತು. ಪರದೆಯ ಅಂಚಿನಿಂದ ನೆಲದ ಮೇಲೆ ಬಿದ್ದಿದ್ದ ಬೆಳಕಿನ ಗೀಟು ಕೆಂಪಾಗಿತ್ತು. ಹೊರಗೆ ಕಾಗೆಗಳು.

ಸೇವಂತಿಲಾಲರು ತಮ್ಮ ಕಾಲುಗಳನ್ನು ನೋಡಿಕೊಂಡರು. “ಹೊತ್ತಾಯ್ತು,” ಎಂದು ಎದ್ದರು. “ನಾನು ಬರ್ತೀನಿ.”

“ಎಲ್ಲಿಗೆ ರೀ? ಇದೇ ನಮ್ಮನೆ,” ಎಂದಳು ತರುಲತಾ.

“ನಿಮ್ಮ ಮನೆ ಚೆನ್ನಾಗಿದೆ ಬೆನ್. ಆದ್ರೆ ಅಮ್ಮ ಕಾಯ್ತಿರ್ತಾಳೆ. ನಾನು ಹೋಗದೆ ಅವಳು ತುತ್ತು ಎತ್ತಲ್ಲ. ಹೊತ್ತು ಮುಳುಗಿದ್ರೆ ರಾತ್ರಿಯೆಲ್ಲಾ ಅವಳಿಗೆ ಉಪವಾಸ.”

ಅವರ ಹುಟ್ಟೂರು ಪಾಲನಪುರದಲ್ಲಿದ್ದ ಆ ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಲ್ಲಿನ ಮನೆಯನ್ನೂ ಮಾರಿಯಾಗಿತ್ತು. ಸೇವಂತಿಲಾಲರು ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಹೋದರು. ಕೈಗೆಟುಕದ ಹಾಗೆ ಮೇಲೆ ಹಾಕಿಸಿದ್ದ ಅಗುಳಿಯನ್ನು ನೋಡಿದರು. ಅಂಗೈಯಿಂದ ಬಾಗಿಲು ಬಡಿಯತೊಡಗಿದರು. “ಯಾಕೆ ಕೂಡಿಹಾಕಿದೀರಿ? ನಾನೇನು ಮಾಡಿದೀನಿ ನಿಮಗೆ?”

ತರುಲತಾ ಫ್ರೇನಿಯ ಎರಡೂ ಕೈ ಹಿಡಿದುಕೊಂಡಳು. ಮಾನ ಮರ್ಯಾದೆ ಯಾವುದೂ ಉಳಿದಿರಲಿಲ್ಲ. “ನೋಡಿದ್ರಲ್ಲ. ಇದರಿಂದ ಓಡಬೇಕು. ನಾರ್ವೇಲಿ ಸೂರ್ಯ ಮುಳುಗಲ್ಲಂತೆ. ದಾರೀಲೂ ಸಂಜೆ ಬೀಳಬಾರದು, ಅಂಥಾ ವಿಮಾನ ನೋಡಿ. ಎಷ್ಟಾದ್ರೂ ಆಗ್ಲಿ, ಒಂದು ತಿಂಗಳು ನನ್ನ ಗಂಡ ನನಗೆ ಬೇಕು.”

ಫ್ರೇನಿ ಬಾಗಿಲ ಕಡೆ ನೋಡಿದಳು. “ನಾನು ಜನ ಕಳಿಸಿದೀನಿ ಅಲ್ಲಿಗೆ. ಸೂರ್ಯ ಮುಳುಗಲ್ಲ, ನಿಜ. ನಿದ್ದೆ ಬರದೆ ಒದ್ದಾಡ್ತಾರೆ. ಇವರಿಗೆ ಹೋಗಬೇಕಾಗಿರೋದು ಅಲ್ಲಿಗಲ್ಲ ತರುಬೆನ್. ಹಗಲೇ ಮುಗೀದಿದ್ರೆ ಹಗಲೆಲ್ಲಾ ಬಾಗಿಲು ಬಡೀತಾರೇನೋ.”

“ಸುಳ್ಳಾದ್ರೂ ಹೇಳಿ. ಅಲ್ಲಿ ಸರಿಹೋಗ್ತಾರೆ ಅಂತ ಒಂದು ಸಲ ಹೇಳಿ.”

ಫ್ರೇನಿ ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲ ಹತ್ತಿರ ನಡೆದಳು. “ಶೇಠ್, ಎಲ್ಲಿಗೆ ಹೊರಟ್ರಿ?”

“ಪಾಲನಪುರಕ್ಕೆ.”

“ಟಿಕೇಟು?”

ಬಡಿಯುತ್ತಿದ್ದ ಕೈ ನಿಂತಿತು. “ಮಾಡಿಸಿಲ್ಲವಲ್ಲ. ನೀವು ಮಾಡಿಕೊಡ್ತೀರಾ?”

“ಅದೇ ನನ್ನ ಹೊಟ್ಟೆಪಾಡು. ಕಿಟಕಿ ಪಕ್ಕ ಬೇಕಾ?”

“ಕಿಟಕಿ ಪಕ್ಕಾನೇ.”

ಫ್ರೇನಿ ಚೀಲದಿಂದ ತನ್ನದೇ ವಿಳಾಸದ ಚೀಟಿ ತೆಗೆದು ಹಿಂಬದಿಗೆ ತಿರುಗಿಸಿದಳು. “ಎಷ್ಟು ಜನ?”

“ನಾನೊಬ್ಬನೇ.”

ಈ ಮನುಷ್ಯನ ಜೊತೆ ಒಂದು ಜೀವಮಾನ ಕಳೆದು ಕೊನೆಗೆ ಕೇಳಬೇಕಾದ ಮಾತು ಇದಾಯಿತೇ ಎಂದು ತರುಲತಾಳಿಗೆ ಒಳಗೆಲ್ಲ ಉರಿದುಹೋಯಿತು.

ಸೇವಂತಿಲಾಲರು ತಿರುಗಿ ಅವಳನ್ನು ನೋಡಿದರು. ಏನೋ ಯೋಚಿಸಿದರು. “ಇರಿ, ಈ ಬೆನ್‌ಗೂ ಒಂದು ಮಾಡಿ. ಪಾಪ, ನನ್ನ ಚೆನ್ನಾಗಿ ನೋಡ್ಕೊಂಡಿದಾರೆ. ಅಮ್ಮನಿಗೆ ಒಂದ್ಸಲ ತೋರಿಸ್ಬೇಕು ಇವರನ್ನ.”

“ಹೆಸರು?” ಎಂದು ಕೇಳಿದಳು ಫ್ರೇನಿ.

ಅವರಿಗೆ ಗೊತ್ತಿರಲಿಲ್ಲ. ಸಂಕೋಚದಿಂದ ಹೆಂಡತಿಯ ಕಡೆ ನೋಡಿದರು. ಹೆಣ್ಣು ನೋಡಲು ಬಂದಿದ್ದ ದಿನ ಅವಳ ಹೆಸರನ್ನು ಅವರಿಗೆ ಹೇಳಿದ್ದು ಅವಳ ಅಪ್ಪ. ಅವಳಾಗಿ ಹೇಳುವ ಸಂದರ್ಭ ಬಂದದ್ದೇ ಇಲ್ಲ.

“ತರುಲತಾ,” ಎಂದಳು.

ಫ್ರೇನಿ ಬರೆದು ಅವರ ಕೈಗೆ ಕೊಟ್ಟಳು. ಗಾಡಿಗೆ ಇನ್ನೂ ಹೊತ್ತಿದೆ ಎಂದಳು. ಅವರು ಚೀಟಿಯನ್ನು ಜೇಬಿಗಿಟ್ಟು, ಜೇಬನ್ನು ಮುಟ್ಟಿ ನೋಡಿಕೊಂಡು, ಬಾಗಿಲ ಪಕ್ಕ ಇಟ್ಟಿದ್ದ ಬೆಂಚಿನ ಮೇಲೆ ಕುಳಿತರು.

ತರುಲತಾ ಸ್ಟೂಲು ಹತ್ತಿ ಅಗುಳಿ ತೆಗೆದು ಕಳಿಸುವಾಗ ಫ್ರೇನಿ ಮೆಲ್ಲಗೆ ಕೇಳಿದಳು. “ನಾರ್ವೆದು ವಿಚಾರಿಸ್ಲಾ? ಬೇರೆಯವರ ಹತ್ರ ಕೇಳ್ತೀರಾ?”

“ಬೇರೆ ಯಾರೂ ಬೇಡ. ನಾಳೆ ಬನ್ನಿ,” ಎಂದಳು ತರುಲತಾ. “ಇದೇ ಹೊತ್ತಿಗೆ.”

ಅಗುಳಿಯನ್ನು ಮತ್ತೆ ಹಾಕಿದಳು. ಒಳಗೆ ಮಹಾರಾಜ ಅವಳ ತಟ್ಟೆಯನ್ನು ಎತ್ತುತ್ತಿದ್ದ ಸದ್ದು ಕೇಳಿಸಿತು.

“ಬೆನ್, ನಿಮ್ಮ ಊಟ ಆಯ್ತಾ? ಕತ್ತಲಾಗಿಹೋಯ್ತು. ಇನ್ನು ದಾರೀಲಿ ಏನೂ ತಿನ್ನೋ ಹಾಗಿಲ್ಲ.”

“ಆಯ್ತು,” ಎಂದಳು.

ಅವಳು ಚಪ್ಪಲಿ ಮೆಟ್ಟಿಕೊಂಡಳು. ಕೈಚೀಲ ತಂದು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕುಳಿತಳು. ಸೇವಂತಿಲಾಲರು ಎದ್ದು ನಿಂತರು. “ನೀವು ಕಿಟಕಿ ಕಡೆ ಬನ್ನಿ,” ಎಂದು ಜಾಗ ಬಿಟ್ಟರು. ಅವಳು ಗೋಡೆಯ ಕಡೆಗೆ ಸರಿದು ಕುಳಿತಳು.