ಸರಳಿಗೆ ಬಿದ್ದ ಹೆಸರು

ಬನಹಟ್ಟಿಯ ಆ ಓಣಿಯಲ್ಲಿ, ಪಾವರ್‌ಲೂಮಿನ ಲಾಳಿ ಹೊರಗೆ ಜಿಗಿಯದಂತೆ ತಡೆಯುವ ಕಬ್ಬಿಣದ ಸರಳಿಗೆ ಹೊಳೆವ್ವ ಎಂದೇ ಹೆಸರು. ಹರಿದ ಎಳೆ ಕಟ್ಟುವಾಗ ಅದನ್ನು ಮೇಲೆತ್ತಬೇಕು, ಮಗ್ಗ ಚಾಲೂ ಮಾಡುವ ಮೊದಲು ಇಳಿಸಬೇಕು. "ಹೊಳೆವ್ವನ್ನ ಇಳಿಸಿದೇನಲೇ?" ಎಂದು ಪಕ್ಕದ ಮಗ್ಗದವರು ಕೂಗಿ ಕೇಳಿದ ಮೇಲೆಯೇ ಗುಂಡಿ ಒತ್ತುವುದು ರೂಢಿ.

ಹೆಸರಿನ ಹೊಳೆವ್ವ ಇನ್ನೂ ಇದ್ದಳು, ಒಂದು ಕಣ್ಣಿಲ್ಲದೆ. ಹಿಂದೆ ಅಲ್ಲಿನ ಮಗ್ಗಗಳಿಗೆ ಸರಳಿರಲಿಲ್ಲ. ಜಿಗಿದ ಲಾಳಿ ಅವಳ ಬಲಗಣ್ಣು ತೆಗೆದಾಗ, ಗಂಡ ಸೋಮಲಿಂಗ ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಸರಳು ಬಗ್ಗಿಸಿ ತಂದ. ನೋಡಿದವರೆಲ್ಲ ಹಾಕಿಸಿಕೊಂಡರು. ಹೆಸರು ಯಾರಿಟ್ಟರೋ, ನಿಂತುಬಿಟ್ಟಿತು.

ಅವಳಿಗದು ಸೇರಲಿಲ್ಲ. ತೇರದಾಳದ ಫಿಟ್ಟರ್ ಆದಪ್ಪ ಒಮ್ಮೆ ಇವರ ಶೆಡ್ಡಿಗೆ ಮಗ್ಗ ನೋಡಲು ಬಂದವನು, ಇವಳು ಯಾರೆಂದು ತಿಳಿಯದೆ, "ನಿಮ್ಮ ಹೊಳೆವ್ವ ಸಡ್ಲ ಆಗ್ಯಾಳ್ರೀ. ಎರಡು ಬಡದ್ರ ಸುಮ್ನ ಕುಂದರ್ತಾಳ" ಎಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು.

"ಇನ್ನ ಇಲ್ಲಿ ಯಾರರೆ ಆ ಹೆಸರು ತಗದ್ರ, ಈ ಮನ್ಯಾಗ ನಾ ನೀರು ಮುಟ್ಟಂಗಿಲ್ಲ" ಎಂದಳು ಹೊಳೆವ್ವ.

ಅವರ ಶೆಡ್ಡಿನಲ್ಲಿ ಮಾತ್ರ ಕೂಗು ನಿಂತಿತು. ಹಳಬರು ಕೈರೂಢಿಯಿಂದ ಸರಳು ಇಳಿಸುತ್ತಿದ್ದರು. ಸೋಮಲಿಂಗ ತೀರಿಹೋದ ಮೇಲೂ ಆ ಮಾತು ಹಾಗೇ ನಡೆಯಿತು.

ಮಗ ಗೌರೀಶನ ಹೆಂಡತಿ ರಾಧಿಕಾ ಗಲಗಲಿಯ ಒಕ್ಕಲು ಮನೆಯವಳು, ಮಗ್ಗ ಕಂಡವಳಲ್ಲ. ಆದರೂ ಬೇಗ ಕಲಿತಳು. ಮೊನ್ನೆ ಎಳೆ ಕಟ್ಟಿದವಳೇ ಗುಂಡಿಗೆ ಕೈ ಹಾಕಿದಳು. ಸರಳು ಮೇಲೇ ಇತ್ತು. ಪಕ್ಕದ ಮಗ್ಗದಲ್ಲಿದ್ದ ಗೌರೀಶ ಕೂಗಲು ಬಾಯಿ ತೆರೆದ. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅವ್ವನ ಮುಖ ನೋಡಿದ. ಅಷ್ಟರಲ್ಲಿ ಲಾಳಿ ರಾಧಿಕಾಳ ಹುಬ್ಬು ಸೀಳಿಕೊಂಡು ಗೋಡೆಗೆ ಬಡಿಯಿತು.

ಜಮಖಂಡಿ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಕಣ್ಣು ಉಳಿಯಿತು, ನೋಟ ಮಬ್ಬಾಯಿತು.

ಮನೆಗೆ ಬಂದ ಸೊಸೆಗೆ ಹೊಳೆವ್ವ ತಾನೇ ಗಂಜಿ ಕುಡಿಸುತ್ತಿದ್ದಳು.

"ಅತ್ತಿ, ಬಾಜೂ ಶೆಡ್ಡಿನವರು ದಿನಾ ನಿಮ್ಮ ಹೆಸರು ಕೂಗ್ತಿದ್ರಲ್ರೀ," ಎಂದಳು ರಾಧಿಕಾ. "ನಿಮ್ಮನ್ನ ಮಷ್ಕಿರಿ ಮಾಡಾಕತ್ತಾರ ಅಂತ ತಿಳದು ನಾ ಕೇಳಸ್ದಂಗ ಇರ್ತಿದ್ನಿ."

ಚಮಚ ಬಟ್ಟಲಲ್ಲಿಟ್ಟು, ಹೊಳೆವ್ವ ಬಾಗಿಲಲ್ಲಿ ನಿಂತಿದ್ದ ಮಗನತ್ತ ತಿರುಗಿದಳು.

"ನಾಳಿಂದ ಹೆಸರು ಹಿಡದು ಕೂಗ್ರೆಪಾ. ಓಣಿಗೆಲ್ಲ ಕೇಳ್ಲಿ."

"ಇಷ್ಟು ದಿನ ನೀನ ಬ್ಯಾಡ ಅಂದಿದ್ದೆಲ್ಲ ಬೇ," ಎಂದ ಗೌರೀಶ, ಮೆಲ್ಲಗೆ.

ಮಗನ ದನಿಯಲ್ಲಿ ಒಂದಿಷ್ಟು ಸಿಟ್ಟಿದ್ದಿದ್ದರೆ ಅವಳೂ ತಿರುಗಿ ಏನಾದರೂ ಅನ್ನುತ್ತಿದ್ದಳು. ಗಂಜಿ ಆರಿ ಕೆನೆಗಟ್ಟುವವರೆಗೂ ಬಟ್ಟಲು ಹಿಡಿದು ಕೂತೇ ಇದ್ದಳು.